ಕೆಲಸ ಮಾಡದಿದ್ದರೂ ಹೀಗೇ ಕಾಣುತ್ತಿತ್ತೇ? ಅದ್ಭುತ ಔಷಧಿ, ಅದ್ಭುತ ಯಂತ್ರಗಳನ್ನು ಪರೀಕ್ಷಿಸುವ ಬಗೆ

ನೀರು ಶುದ್ಧೀಕರಿಸುವ ಯಂತ್ರ ಮಾರಲು ಮನೆಗೆ ಬರುವವರ ಚೀಲದಲ್ಲಿ ಒಂದು ಪುಟ್ಟ ಉಪಕರಣವಿರುತ್ತದೆ. ಪ್ಲಾಸ್ಟಿಕ್ ಮುಚ್ಚಳದಂಥ ಅದರ ಕೆಳಗೆ ಎರಡು ಜೊತೆ ಲೋಹದ ಸರಳುಗಳು ಇಳಿಬಿದ್ದಿರುತ್ತವೆ. ಒಂದು ಲೋಟದಲ್ಲಿ ನಿಮ್ಮ ಮನೆಯ ನಲ್ಲಿ ನೀರು, ಇನ್ನೊಂದರಲ್ಲಿ ಅವರ ಯಂತ್ರದಿಂದ ಬಂದ ನೀರು. ಎರಡರಲ್ಲೂ ಸರಳುಗಳನ್ನು ಮುಳುಗಿಸಿ ಸ್ವಿಚ್ ಹಾಕಿದರೆ, ಒಂದೆರಡು ನಿಮಿಷದಲ್ಲಿ ನಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿ ಮೇಲೆ ಕೊಳೆಯಂಥ ಗಸಿ ಕಟ್ಟುತ್ತದೆ. ಅವರ ನೀರು ತಿಳಿಯಾಗಿಯೇ ಉಳಿಯುತ್ತದೆ. "ಇಷ್ಟು ದಿನ ಮಕ್ಕಳಿಗೆ ಇದನ್ನೇ ಕುಡಿಸುತ್ತಿದ್ದಿರಾ ಮೇಡಂ?" ಎಂಬ ಪ್ರಶ್ನೆ ಬರುವ ಹೊತ್ತಿಗೆ ಮನೆಯವರ ಮುಖ ಬಾಡಿರುತ್ತದೆ.

ನಮ್ಮ ಮನೆಗೂ ಒಬ್ಬ ಹುಡುಗ ಹೀಗೆ ಬಂದಿದ್ದ. ಅವನಿಂದ ಪ್ಲಗ್ ತೆಗೆಸಿ, ಅವನು ತಂದಿದ್ದ ತಿಳಿನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಕದಡಿ, ಮತ್ತೆ ಸ್ವಿಚ್ ಹಾಕುವಂತೆ ಕೇಳಿದೆ. ಎರಡೇ ನಿಮಿಷದಲ್ಲಿ ಅದೂ ಕಂದಾಯಿತು. ಆ ಬಣ್ಣ ನೀರಿನ ಕೊಳೆಯದಲ್ಲ, ಕಬ್ಬಿಣದ ಸರಳಿನಿಂದಲೇ ಬಿಟ್ಟುಕೊಂಡ ತುಕ್ಕಿನದು. ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಸರಳು ಕರಗುತ್ತದೆ. ಲವಣವನ್ನೆಲ್ಲ ತೆಗೆದ ನೀರಿನಲ್ಲಿ ವಿದ್ಯುತ್ ಹೆಚ್ಚುಕಡಿಮೆ ಹರಿಯುವುದೇ ಇಲ್ಲ, ಆದ್ದರಿಂದ ಏನೂ ಆಗುವುದಿಲ್ಲ. ಕುಡಿಯುವ ನೀರಿನಲ್ಲಿ ಕರಗಿದ ಘನವಸ್ತು ಲೀಟರಿಗೆ 500 ಮಿಲಿಗ್ರಾಂವರೆಗೆ ಇರಬಹುದೆಂದು ನಮ್ಮ ದೇಶದ ಮಾನಕವಾದ ಐಎಸ್ 10500 ಹೇಳುತ್ತದೆ. ಅಷ್ಟು ಲವಣವಿರುವ ಒಳ್ಳೆಯ ನೀರೂ ಆ ಪರೀಕ್ಷೆಯಲ್ಲಿ 'ಕೊಳಕು' ಎನಿಸಿಕೊಳ್ಳುತ್ತದೆ. ಇತ್ತ ಕಾಲರಾ ರೋಗಾಣುಗಳಿರುವ ನೀರು, ಲವಣ ಕಡಿಮೆಯಿದ್ದರೆ, ತಿಳಿಯಾಗಿ ಪಾಸಾಗಿಬಿಡುತ್ತದೆ. ನನಗೆ ಹೆಚ್ಚು ನೆನಪಿರುವುದು ಆ ಹುಡುಗನ ಮುಖ. ಅವನು ಮೋಸಗಾರನಲ್ಲ, ತರಬೇತಿಯಲ್ಲಿ ಹೇಳಿಕೊಟ್ಟದ್ದನ್ನು ನಂಬಿ ಊರೂರು ಸುತ್ತುತ್ತಿದ್ದವನು.

ಮಾರುವವನು ಪ್ರಾಮಾಣಿಕನೇ ಅಲ್ಲವೇ ಎಂಬುದು ಹಾಗಾದರೆ ನಮ್ಮ ಪ್ರಶ್ನೆಯಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಈ ವಸ್ತು ಕೆಲಸ ಮಾಡದೇ ಇದ್ದಿದ್ದರೂ ನಾನು ಇದನ್ನೇ ನೋಡುತ್ತಿದ್ದೆನೇ? ಹೌದು ಎಂದಾದರೆ ನೋಡಿದ್ದು ಪುರಾವೆಯಲ್ಲ. ಮುಂದಿನ ಹೆಜ್ಜೆಗಳೆಲ್ಲ ಈ ಒಂದು ಪ್ರಶ್ನೆಯನ್ನು ಬೇರೆ ಬೇರೆ ಕಡೆ ಕೇಳುವ ಕ್ರಮ ಮಾತ್ರ.

ಮೊದಲ ಹೆಜ್ಜೆ: ಹೇಳಿಕೆಯನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ

ಕಾಗದದ ಮೇಲೆ ಬರೆಯಿರಿ. ಮನಸ್ಸಿನಲ್ಲಿಟ್ಟುಕೊಂಡರೆ ಸಾಲದು, ಏಕೆಂದರೆ ಇಂಥ ಹೇಳಿಕೆಗಳು ವಾರ ಕಳೆಯುವುದರೊಳಗೆ ರೂಪ ಬದಲಿಸುತ್ತವೆ. ಯಾರಿಗೆ, ಏನು, ಎಷ್ಟು, ಎಷ್ಟು ದಿನದಲ್ಲಿ, ಯಾವುದರಿಂದ ಅಳೆದು ಎಂಬ ಐದೂ ವಾಕ್ಯದಲ್ಲಿರಬೇಕು. "ಈ ಪುಡಿಯನ್ನು ಮೂರು ತಿಂಗಳು ತೆಗೆದುಕೊಂಡರೆ ಸಕ್ಕರೆ ಕಾಯಿಲೆಯವರ ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಕನಿಷ್ಠ ಒಂದು ಅಂಕ ಇಳಿಯುತ್ತದೆ" ಎಂಬುದು ಸುಳ್ಳಾಗಬಲ್ಲ ಮಾತು, ಆದ್ದರಿಂದ ಪರೀಕ್ಷಿಸಲು ಯೋಗ್ಯವಾದ ಮಾತು. "ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ", "ದೇಹದ ವಿಷ ಹೊರಹಾಕುತ್ತದೆ", "ಧನಾತ್ಮಕ ಶಕ್ತಿ ಹರಿಸುತ್ತದೆ" ಎಂಬಂಥವು ಯಾವ ಫಲಿತಾಂಶ ಬಂದರೂ ಸುಳ್ಳಾಗುವುದಿಲ್ಲ. ಯಾವ ವಿಷ, ಅದರ ಹೆಸರೇನು, ಯಾವ ರಕ್ತಪರೀಕ್ಷೆಯಲ್ಲಿ ಅದು ಕಾಣುತ್ತದೆ ಎಂದು ಮಾರುವವರನ್ನೇ ಕೇಳಿ ನೋಡಿ. ಹೆಸರು ಬರದಿದ್ದರೆ ನಿಮ್ಮ ಕೆಲಸ ಇಲ್ಲಿಗೇ ಮುಗಿಯಿತು; ಉಳಿದ ಹೆಜ್ಜೆಗಳಿಗೆ ಸಮಯ ಕೊಡಬೇಕಾದ್ದಿಲ್ಲ.

ಎರಡನೆಯ ಹೆಜ್ಜೆ: ಪ್ರದರ್ಶನದ ನಿಯಮ ನಿಮ್ಮದಾಗಿರಲಿ

1996ರಲ್ಲಿ ತಮಿಳುನಾಡಿನ ರಾಮರ್ ಪಿಳ್ಳೈ ಎಂಬಾತ ಗಿಡಮೂಲಿಕೆ ಹಾಕಿ ಕುದಿಸಿದ ನೀರಿನಿಂದ ಪೆಟ್ರೋಲ್ ತೆಗೆಯುವುದಾಗಿ ಹೇಳಿದಾಗ ದೇಶವೇ ತಲೆದೂಗಿತ್ತು. ಪಾತ್ರೆ ಕಣ್ಣೆದುರಿಗಿತ್ತು, ನೀರು ಕಣ್ಣೆದುರಿಗಿತ್ತು, ಕೊನೆಯಲ್ಲಿ ಹೊತ್ತಿಕೊಂಡು ಉರಿಯುವ ದ್ರವವೂ ಕಣ್ಣೆದುರಿಗೇ ಇತ್ತು. ಮದ್ರಾಸಿನ ಐಐಟಿಯಲ್ಲಿ ಪರೀಕ್ಷೆ ನಡೆದಾಗ ವಿಜ್ಞಾನಿಗಳ ಗಮನ ಹೋದದ್ದು ಕದಡುವ ಕೋಲಿನ ಮೇಲೆ. ಅದು ಟೊಳ್ಳಾಗಿತ್ತು; ಒಳಗೆ ಇಂಧನ ತುಂಬಿ ತುದಿಯನ್ನು ಮೇಣದಿಂದ ಮುಚ್ಚಲಾಗಿತ್ತು; ಬಿಸಿಗೆ ಮೇಣ ಕರಗಿದರೆ ಇಂಧನ ತಾನಾಗಿ ಮೇಲೆ ತೇಲಿ ಬರುತ್ತಿತ್ತು. ಮುಂದೆ ಆ ಹೆಸರಿನಲ್ಲಿ ಇಂಧನ ಮಾರಿದ ಪ್ರಕರಣದಲ್ಲಿ 2016ರಲ್ಲಿ ಚೆನ್ನೈ ನ್ಯಾಯಾಲಯ ಆತನಿಗೆ ಮೂರು ವರ್ಷಗಳ ಶಿಕ್ಷೆ ವಿಧಿಸಿತು.

ಎಲ್ಲರೂ ಪಾತ್ರೆಯನ್ನು ನೋಡುತ್ತಿದ್ದಾಗ ಕೋಲನ್ನು ತಂದವನು ಯಾರು ಎಂದು ಕೇಳುವುದೇ ಈ ಹೆಜ್ಜೆಯ ಸಾರ. ನೀರು, ಪಾತ್ರೆ, ಕೋಲು, ಅಳತೆ ಸಾಧನ, ಜಾಗ, ಸಮಯ ಇವುಗಳಲ್ಲಿ ಸಾಧ್ಯವಾದಷ್ಟನ್ನು ನೀವೇ ಒದಗಿಸಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ರಚಿಸಿ, ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ಪತ್ರ ಬರೆದು ಕೇಳಿದ್ದೂ ಇಷ್ಟನ್ನೇ: ಪರೀಕ್ಷಕರು ಗೊತ್ತುಮಾಡಿದ ಪರಿಸ್ಥಿತಿಯಲ್ಲಿ ಪವಾಡವನ್ನು ತೋರಿಸಿ ಎಂದು. ಆ ಆಹ್ವಾನಕ್ಕೆ ಒಪ್ಪಿಗೆ ಸಿಗಲಿಲ್ಲ. ಇನ್ನು ಬಣ್ಣ ಬದಲಾಗುವ ಯಾವ ಪ್ರದರ್ಶನವನ್ನು ಕಂಡರೂ ಆರತಿ ತಟ್ಟೆಯನ್ನು ನೆನೆಸಿಕೊಳ್ಳಿ. ಅರಿಶಿನದ ನೀರಿಗೆ ಚೂರು ಸುಣ್ಣ ಬಿದ್ದರೆ ಅದು ಕೆಂಪಾಗುತ್ತದೆಂಬುದು ನಮ್ಮ ಅಜ್ಜಿಯರಿಗೆಲ್ಲ ಗೊತ್ತಿತ್ತು; ಯಾರೂ ಅದನ್ನು ರಕ್ತವೆಂದು ಮಾರಲಿಲ್ಲ.

ಮೂರನೆಯ ಹೆಜ್ಜೆ: ತಾನಾಗಿ ವಾಸಿಯಾಗುವುದನ್ನು ಲೆಕ್ಕದಿಂದ ಕಳೆಯಿರಿ

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತೇವೆ. ಕಾಯಿಲೆಯ ವಿಷಯದಲ್ಲಿ ಈ ಗಾದೆಯನ್ನು ನೆನೆಸಿಕೊಳ್ಳುವುದು ಬಲು ಕಷ್ಟ, ಏಕೆಂದರೆ ಅಲ್ಲಿ ಕೂತದ್ದು ನಮ್ಮ ಮನೆಯ ಕಾಗೆಯಾಗಿರುತ್ತದೆ.

ಅರಿಶಿನ ಕಾಮಾಲೆಯ ನಾಟಿ ಔಷಧಿ ಇದಕ್ಕೆ ನಾನು ಬಲ್ಲ ಅತ್ಯುತ್ತಮ ಉದಾಹರಣೆ. ಕರ್ನಾಟಕದ ಯಾವ ತಾಲ್ಲೂಕಿಗೆ ಹೋದರೂ ಕಾಮಾಲೆಗೆ ಔಷಧಿ ಕೊಡುವ ಒಂದು ಮನೆತನವಿರುತ್ತದೆ. ಖಾಲಿ ಹೊಟ್ಟೆಯಲ್ಲಿ ಸೊಪ್ಪಿನ ರಸ, ಮೂರು ದಿನ, ಆಮೇಲೆ ಉಪ್ಪು ಖಾರ ಎಣ್ಣೆ ಬಿಟ್ಟ ಪಥ್ಯ. ಅನೇಕ ಕಡೆ ದುಡ್ಡನ್ನೂ ಕೇಳುವುದಿಲ್ಲ. ಹೋದವರಲ್ಲಿ ಬಹುಪಾಲು ಜನ ವಾಸಿಯಾಗಿಯೇ ಬರುತ್ತಾರೆ, "ಅವರ ಕೈಗುಣ" ಎನ್ನುತ್ತಾರೆ. ಸುಳ್ಳು ಹೇಳುವವರು ಇಲ್ಲಿ ಯಾರೂ ಇಲ್ಲ.

ಆದರೆ ಕಾಮಾಲೆ ಎನ್ನುವುದು ರೋಗದ ಹೆಸರಲ್ಲ, ಅದೊಂದು ಲಕ್ಷಣ. ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ವಸ್ತು ಹೆಚ್ಚಿದಾಗ ಕಣ್ಣು ಹಳದಿಯಾಗುತ್ತದೆ, ಅದು ಹೆಚ್ಚಲು ಹತ್ತಾರು ಕಾರಣಗಳಿವೆ. ನಮ್ಮಲ್ಲಿ ಸಾಮಾನ್ಯವಾದ ಕಾರಣ ಕಲುಷಿತ ನೀರು ಮತ್ತು ಆಹಾರದಿಂದ ಬರುವ ಹೆಪಟೈಟಿಸ್ ಎ. ಇದನ್ನು ಕೊಲ್ಲುವ ನಿರ್ದಿಷ್ಟ ಔಷಧಿ ಆಸ್ಪತ್ರೆಯಲ್ಲೂ ಇಲ್ಲ. ಬಹುತೇಕರಲ್ಲಿ ದೇಹವೇ ಕೆಲವು ವಾರಗಳಲ್ಲಿ ಅದನ್ನು ತೊಡೆದುಹಾಕುತ್ತದೆ. ಸೊಪ್ಪಿನ ರಸ ಕುಡಿದವನೂ ವಾಸಿಯಾಗುತ್ತಾನೆ, ಏನೂ ಕುಡಿಯದೆ ಮಲಗಿದವನೂ ವಾಸಿಯಾಗುತ್ತಾನೆ, ಪೇಟೆಯಲ್ಲಿ ಎರಡು ಬಾಟಲಿ ಡ್ರಿಪ್ ಹಾಕಿಸಿಕೊಂಡು ಬಿಲ್ ಕಟ್ಟಿದವನೂ ವಾಸಿಯಾಗುತ್ತಾನೆ. ಔಷಧಿ ಕೆಲಸ ಮಾಡದೇ ಇದ್ದಿದ್ದರೂ ನಾವು ಕಾಣುತ್ತಿದ್ದುದು ಇದನ್ನೇ. ಡ್ರಿಪ್ಪಿಗೂ ಈ ಮಾತು ಅಷ್ಟೇ ಸಲ್ಲುತ್ತದೆ.

ಇದು ಬರಿಯ ತರ್ಕದ ಮಾತಾಗಿದ್ದರೆ ನಾನಿಷ್ಟು ಬರೆಯುತ್ತಿರಲಿಲ್ಲ. ಅದೇ ಹಳದಿ ಕಣ್ಣು ಇಲಿಜ್ವರದಿಂದ ಬಂದಿದ್ದರೆ ಆ್ಯಂಟಿಬಯೋಟಿಕ್ ಬೇಕು. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿದ್ದರೆ ಅದನ್ನು ತೆಗೆಯಬೇಕು. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಿಂದ ಬಂದಿದ್ದರೆ ಒಂದೊಂದು ವಾರವೂ ಬೆಲೆಯುಳ್ಳದ್ದು. ಗರ್ಭಿಣಿಯರಲ್ಲಿ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ, ಹೆಪಟೈಟಿಸ್ ಇ ಜೀವ ತೆಗೆಯಬಲ್ಲದು. ನವಜಾತ ಶಿಶುವಿನ ಕಾಮಾಲೆ ಮಿತಿಮೀರಿದರೆ ಮಿದುಳಿಗೆ ಹಾನಿಯಾಗುತ್ತದೆ. ಆದ್ದರಿಂದ ಮನೆಯ ಹಿರಿಯರು ನಾಟಿ ಔಷಧಿಯೇ ಬೇಕೆಂದು ಹಟ ಹಿಡಿದರೂ ಮೊದಲು ರಕ್ತಪರೀಕ್ಷೆ ಮಾಡಿಸಿ, ಕಾರಣ ತಿಳಿದುಕೊಳ್ಳಿ. ಮಂಕು ಕವಿಯುವುದು, ಗೊಂದಲದ ಮಾತು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಸುಣ್ಣದಂತೆ ಬೆಳ್ಳಗಾದ ಮಲ, ಎರಡು ವಾರ ಕಳೆದರೂ ಇಳಿಯದ ಹಳದಿ ಇವುಗಳಲ್ಲಿ ಒಂದು ಕಂಡರೂ ಪಥ್ಯದ ಲೆಕ್ಕ ಬಿಟ್ಟು ಆಸ್ಪತ್ರೆಗೆ ಹೊರಡಬೇಕು.

ಮಂಡಿನೋವು, ಬೆನ್ನುನೋವು, ಅರೆತಲೆನೋವು, ಇಸುಬು ಇವುಗಳದು ಇನ್ನೊಂದು ಬಗೆ. ಇವು ಏರಿ ಇಳಿಯುವ ಕಾಯಿಲೆಗಳು. ನಾವು ಹೊಸ ಎಣ್ಣೆ, ಹೊಸ ಬೆಲ್ಟು ಕೊಳ್ಳುವುದು ನೋವು ತುತ್ತತುದಿಗೆ ಏರಿದ ದಿನ. ಅಲ್ಲಿಂದ ಮುಂದೆ ಅದು ಹೇಗೂ ಇಳಿಯಬೇಕಾದ್ದೇ.

ನಾಲ್ಕನೆಯ ಹೆಜ್ಜೆ: ಕಣ್ಣು ಕಟ್ಟಿ ಪರೀಕ್ಷಿಸಿ

ಕೊಳವೆಬಾವಿ ಕೊರೆಸುವ ಮುನ್ನ ಪಾಯಿಂಟ್ ನೋಡಿಸುವುದು ನಮ್ಮಲ್ಲಿ ವಾಡಿಕೆ. ನೀರು ನೋಡುವವರು ಅಂಗೈ ಮೇಲೆ ತೆಂಗಿನಕಾಯಿಯನ್ನು ಮಲಗಿಸಿಕೊಂಡು ಹೊಲದಲ್ಲಿ ನಡೆಯುತ್ತಾರೆ, ನೀರಿನ ಸೆಲೆ ಬಂದಲ್ಲಿ ಕಾಯಿ ನೆಟ್ಟಗೆ ನಿಲ್ಲುತ್ತದೆ. ಕೆಲವರ ಕೈಯಲ್ಲಿ ಬೇವಿನ ಕವೆಗೋಲು ತಿರುಗುತ್ತದೆ. ನಮ್ಮ ಮಾವನವರ ತೋಟದಲ್ಲಿ ನಾನೂ ಕಾಯಿ ಹಿಡಿದಿದ್ದೇನೆ, ನನ್ನ ಕೈಯಲ್ಲೂ ಅದು ಎದ್ದು ನಿಂತಿದೆ. ನಿಲ್ಲಿಸಿದ್ದು ನಾನೆಂದು ನನಗೆ ಅನ್ನಿಸಲೇ ಇಲ್ಲ, ಸೋಜಿಗವಿರುವುದೂ ಅಲ್ಲೇ. ನಿರೀಕ್ಷೆಯೊಂದು ಮನಸ್ಸಿನಲ್ಲಿದ್ದರೆ ಸ್ನಾಯುಗಳು ನಮ್ಮ ಅರಿವಿಗೆ ಬಾರದಂತೆ ಅಲುಗುತ್ತವೆ. ಪ್ರೇತಗಳು ಮೇಜನ್ನು ತಿರುಗಿಸುತ್ತವೆಂದು ಇಂಗ್ಲೆಂಡಿನಲ್ಲಿ ಜನ ನಂಬಿದ್ದ ಕಾಲದಲ್ಲಿ, ಅಂದರೆ 1853ರಲ್ಲಿ, ವಿಜ್ಞಾನಿ ಮೈಕೆಲ್ ಫ್ಯಾರಡೆ ಕೈಗಳಿಗೂ ಮೇಜಿಗೂ ನಡುವೆ ಜಾರುವ ರಟ್ಟುಗಳನ್ನಿಟ್ಟು, ಮೊದಲು ಸರಿಯುವುದು ಕೈಗಳೇ ಎಂದು ತೋರಿಸಿಕೊಟ್ಟಿದ್ದರು.

"ಆದರೂ ನೀರು ಬಂತಲ್ಲ?" ಎಂದರೆ, ನಮ್ಮ ಗಟ್ಟಿಬಂಡೆಯ ಸೀಮೆಯಲ್ಲಿ ನೀರು ನದಿಯಂತೆ ಹರಿಯುವುದಿಲ್ಲ, ಶಿಥಿಲಗೊಂಡ ಪದರದಲ್ಲಿ, ಬಂಡೆಯ ಬಿರುಕುಗಳಲ್ಲಿ ನಿಂತಿರುತ್ತದೆ. ಸಾಕಷ್ಟು ಆಳಕ್ಕೆ ಕೊರೆದರೆ ಅನೇಕ ಕಡೆ ಎಷ್ಟೋ ಒಂದಿಷ್ಟು ಸಿಗುತ್ತದೆ. ಕಾಯಿ ನಿಲ್ಲದ ಜಾಗದಲ್ಲಿ ಯಾರೂ ಕೊರೆಸುವುದಿಲ್ಲವಾದ್ದರಿಂದ ಹೋಲಿಸಿ ನೋಡಲು ನಮ್ಮ ಬಳಿ ಏನೂ ಇರುವುದಿಲ್ಲ.

ಪರೀಕ್ಷೆ ಹೀಗೆ ಮಾಡಿ. ನೀರು ನೋಡುವವರು ಮೊದಲು ಹೊಲದಲ್ಲಿ ನಡೆದು ತಮಗೆ ತೋಚಿದ ಜಾಗಗಳನ್ನೆಲ್ಲ ಗುರುತಿಸಲಿ. ನೆಲದಲ್ಲಿ ಗೂಟ ಹೊಡೆಯದೆ, ಬೇಲಿಯಿಂದ ಎಷ್ಟು ಹೆಜ್ಜೆ ಎಂದು ನೀವು ಬರೆದುಕೊಳ್ಳಿ. ಆಮೇಲೆ ಅವರ ಕಣ್ಣಿಗೆ ಬಟ್ಟೆ ಕಟ್ಟಿ, ಕೈ ಹಿಡಿದು, ಬೇರೆ ದಿಕ್ಕಿನಿಂದ ಅದೇ ಹೊಲದಲ್ಲಿ ನಡೆಸಿ. ಭೂಮಿಯ ಒಳಗಿನ ನೀರು ಹತ್ತು ನಿಮಿಷದಲ್ಲಿ ಜಾಗ ಬಿಟ್ಟು ಹೋಗಿರುವುದಿಲ್ಲವಾದ್ದರಿಂದ ಕಾಯಿ ಅಲ್ಲಲ್ಲೇ ನಿಲ್ಲಬೇಕು. ಫಲಿತಾಂಶ ಬಂದ ಮೇಲೆ ನೆಪಗಳು ಹುಟ್ಟುವುದು ಸಹಜ, ಹಾಗಾಗಿ ಎಷ್ಟು ಹತ್ತಿರ ಬಂದರೆ ಸರಿ, ಎಷ್ಟು ದೂರವಾದರೆ ತಪ್ಪು ಎಂಬುದನ್ನು ಮುಂಚೆಯೇ ಇಬ್ಬರೂ ಒಪ್ಪಿಕೊಂಡಿರಬೇಕು. ಜರ್ಮನಿಯ ಕಾಸೆಲ್‌ನಲ್ಲಿ 1990ರಲ್ಲಿ ಅರ್ಧ ಮೀಟರ್ ಆಳದಲ್ಲಿ ಪೈಪ್ ಹೂತು, ನೀರು ಹರಿಯುತ್ತಿದೆಯೇ ಇಲ್ಲವೇ ಎಂದು ಹೇಳುವಂತೆ ಸುಮಾರು 30 ಮಂದಿ ಜಲಶೋಧಕರನ್ನು ಕೇಳಲಾಗಿತ್ತು. ಪರೀಕ್ಷೆ ನ್ಯಾಯವಾಗಿದೆಯೆಂದು ಅವರೆಲ್ಲ ಮುಂಚಿತವಾಗಿ ಒಪ್ಪಿದ್ದರು, ಗೆಲ್ಲುವ ಭರವಸೆಯೂ ಅವರಿಗಿತ್ತು. ಬಂದ ಫಲಿತಾಂಶ ನಾಣ್ಯ ಚಿಮ್ಮಿದರೆ ಬರುವಂಥದ್ದೇ.

ಹೊಲದಲ್ಲಿ ಇದರ ನಷ್ಟ ಒಂದು ಕೊಳವೆಬಾವಿಯ ಖರ್ಚು. ಅದೇ ತತ್ತ್ವ ಯಂತ್ರದ ವೇಷ ತೊಟ್ಟಾಗ ಏನಾಯಿತೆಂಬುದಕ್ಕೆ ಇರಾಕ್ ಸಾಕ್ಷಿ. ಎಡಿಇ 651 ಎಂಬ ಬಾಂಬ್ ಪತ್ತೆ ಸಾಧನವೆಂದರೆ ಹಿಡಿಕೆಯೊಂದಕ್ಕೆ ಸಡಿಲವಾಗಿ ಸಿಕ್ಕಿಸಿದ ಆಂಟೆನಾ, ಅಷ್ಟೇ; ಒಳಗೆ ಕೆಲಸಕ್ಕೆ ಬರುವ ಯಾವ ವಿದ್ಯುನ್ಮಾನ ಭಾಗವೂ ಇರಲಿಲ್ಲ. ಅದನ್ನು ತಪಾಸಣಾ ಠಾಣೆಗಳಲ್ಲಿ ಹಿಡಿದು ನಿಂತ ಪೊಲೀಸರ ಮುಂದೆಯೇ ಸ್ಫೋಟಕ ತುಂಬಿದ ವಾಹನಗಳು ದಾಟಿಹೋದವು. ಮಾರಿದ ಜೇಮ್ಸ್ ಮೆಕಾರ್ಮಿಕ್‌ಗೆ 2013ರಲ್ಲಿ ಬ್ರಿಟನ್ನಿನ ನ್ಯಾಯಾಲಯ ಹತ್ತು ವರ್ಷ ಜೈಲು ವಿಧಿಸಿತು. ತೆಂಗಿನಕಾಯಿ ನಿಲ್ಲುವುದಕ್ಕೂ ಆ ಆಂಟೆನಾ ತಿರುಗುವುದಕ್ಕೂ ಕಾರಣ ಒಂದೇ, ಹಿಡಿದವನ ಮಣಿಕಟ್ಟು.

ಮನೆಯಲ್ಲಿ ಮಾಡಬಹುದಾದ ಇನ್ನೊಂದು ಪರೀಕ್ಷೆ ವಿದ್ಯುತ್ ಉಳಿಸುತ್ತದೆ ಎನ್ನುವ ಪ್ಲಗ್ಗಿನದು. ಬಿಚ್ಚಿ ನೋಡಿದರೆ ಅದರೊಳಗೆ ಸಾಮಾನ್ಯವಾಗಿ ಒಂದು ಕೆಪಾಸಿಟರ್, ಒಂದು ಎಲ್‌ಇಡಿ ದೀಪ ಇರುತ್ತವೆ. ಕೆಪಾಸಿಟರ್ ಪವರ್ ಫ್ಯಾಕ್ಟರನ್ನು (ಹರಿದ ವಿದ್ಯುತ್ತಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲನ್ನು) ತಿದ್ದಬಹುದು, ಆದರೆ ಮನೆಯ ಬಿಲ್ ಬರುವುದು ಬಳಸಿದ ಯೂನಿಟ್‌ಗಳ ಮೇಲೆ, ಪವರ್ ಫ್ಯಾಕ್ಟರಿನ ಮೇಲಲ್ಲ. ನಿಮ್ಮ ಮೀಟರಿನ ಮುಖದ ಮೇಲೆ ಒಂದು ಯೂನಿಟ್‌ಗೆ ಎಷ್ಟು ಬಾರಿ ಕೆಂಪು ದೀಪ ಮಿನುಗುತ್ತದೆಂದು ಮುದ್ರಿಸಿರುತ್ತಾರೆ. ಅದು 3200 ಎಂದಿದ್ದರೆ, 75 ವ್ಯಾಟಿನ ಒಂದೇ ಫ್ಯಾನ್ ಓಡುವಾಗ ಹದಿನೈದು ಸೆಕೆಂಡಿಗೊಮ್ಮೆ ದೀಪ ಮಿನುಗುತ್ತದೆ, 20 ಮಿನುಗಿಗೆ ಐದು ನಿಮಿಷ. ಬೇರೆಲ್ಲವನ್ನೂ ಆರಿಸಿ, ನಾಣ್ಯ ಚಿಮ್ಮಿ ಬಿದ್ದಂತೆ ಪ್ಲಗ್ ಹಾಕುವ ಅಥವಾ ಬಿಡುವ ಕೆಲಸ ಒಬ್ಬರಿಗೆ, ಅದನ್ನು ಕಾಣದೆ ಹೊರಗೆ ಮೀಟರಿನ ಬಳಿ ಸಮಯ ಬರೆಯುವ ಕೆಲಸ ಇನ್ನೊಬ್ಬರಿಗೆ. ಹತ್ತು ಸಲ ಮಾಡಿ, ಕೊನೆಯಲ್ಲಿ ಎರಡು ಹಾಳೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರಿಗೇ ವಹಿಸಿ. ನಮಗಿಂತ ಕಟ್ಟುನಿಟ್ಟಾಗಿ ಮಾಡುತ್ತಾರೆ.

ಐದನೆಯ ಹೆಜ್ಜೆ: ಕಾಗದಪತ್ರಗಳನ್ನು ಓದಿ

ಪೆಟ್ಟಿಗೆಯ ಮೇಲಿನ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ ಹದಿನಾಲ್ಕು ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಅದು ಆಹಾರವೆಂದು ಹೇಳುತ್ತದೆಯೇ ಹೊರತು ಔಷಧಿಯೆಂದಲ್ಲ. ಐಎಸ್‌ಒ ಪ್ರಮಾಣಪತ್ರ ಕಾರ್ಖಾನೆಯ ಕಾರ್ಯವಿಧಾನಕ್ಕೆ ಸಂಬಂಧಿಸಿದ್ದು, ಪೇಟೆಂಟ್ ಹೊಸತನಕ್ಕೆ ಸಂಬಂಧಿಸಿದ್ದು, ತಯಾರಿಕಾ ಪರವಾನಗಿ ತಯಾರಿಸಲು ಕೊಟ್ಟ ಅನುಮತಿ. ಗುಣವಾಗುತ್ತದೆ ಎಂಬುದಕ್ಕೆ ಇವು ಯಾವುವೂ ಸಾಕ್ಷಿಯಲ್ಲ.

ಪ್ರಯೋಗ ನಡೆದಿದೆ ಎಂದು ಹೇಳಿಕೊಂಡರೆ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ, ಇಂಡಿಯಾ ಎಂಬ ಸಾರ್ವಜನಿಕ ದಾಖಲೆಯಲ್ಲಿ ಹುಡುಕಿ. 2009ರಿಂದ ನಮ್ಮ ದೇಶದಲ್ಲಿ ಔಷಧಿ ಪ್ರಯೋಗಗಳನ್ನು ಅಲ್ಲಿ ನೋಂದಾಯಿಸುವುದು ಕಡ್ಡಾಯ. ಸಿಕ್ಕಿದರೆ ಔಷಧಿ ಪಡೆಯದ ಇನ್ನೊಂದು ಗುಂಪು ಇತ್ತೇ, ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದರೇ, ಅಳೆದವರಿಗೆ ಅದು ತಿಳಿದಿತ್ತೇ ಎಂಬ ಮೂರನ್ನು ನೋಡಿದರೆ ಸಾಕು. ಇಲಿಯ ಮೇಲೆ, ಗಾಜಿನ ತಟ್ಟೆಯಲ್ಲಿ ನಡೆದ ಪ್ರಯೋಗ ಆಶಾದಾಯಕವಾಗಿರಬಹುದು. ನಿಮ್ಮ ಮಾತ್ರೆಯ ಡಬ್ಬಿಗೆ ಅದು ಅನ್ವಯಿಸುವುದಿಲ್ಲ.

ಈ ಅಳತೆಗೋಲನ್ನು ದೊಡ್ಡಾಸ್ಪತ್ರೆಗಳಿಗೂ ಹಿಡಿಯಬೇಕು. 2020ರಲ್ಲಿ ಕೋವಿಡ್‌ಗೆ ಪ್ಲಾಸ್ಮಾ (ಗುಣವಾದವರ ರಕ್ತದ ದ್ರವಭಾಗ) ಚಿಕಿತ್ಸೆಯೆಂದು ಜನ ದಾನಿಗಳಿಗಾಗಿ ಅಲೆದಾಡಿದ್ದು ನೆನಪಿರಬಹುದು. ಅದೇ ವರ್ಷ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 39 ಆಸ್ಪತ್ರೆಗಳಲ್ಲಿ 464 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದಾಗ, ಪ್ಲಾಸ್ಮಾದಿಂದ ಸಾವೂ ಕಡಿಮೆಯಾಗಿರಲಿಲ್ಲ, ರೋಗ ಉಲ್ಬಣಿಸುವುದೂ ತಪ್ಪಿರಲಿಲ್ಲ. 2021ರ ಮೇ ತಿಂಗಳಲ್ಲಿ ಅದನ್ನು ಚಿಕಿತ್ಸಾ ಮಾರ್ಗಸೂಚಿಯಿಂದ ಕೈಬಿಡಲಾಯಿತು. ತಡವಾಯಿತೆಂದು ನನಗನ್ನಿಸುತ್ತದೆ, ಆದರೆ ಪರೀಕ್ಷಿಸಿದರು, ಸೋತದ್ದನ್ನು ಪ್ರಕಟಿಸಿದರು, ಬಿಟ್ಟರು. ನಿಮ್ಮ ಮುಂದಿರುವ ಅದ್ಭುತ ಔಷಧಿಯ ತಯಾರಕರು ಎಂದಾದರೂ ಸೋತ ಪ್ರಯೋಗವೊಂದನ್ನು ಪ್ರಕಟಿಸಿದ್ದಾರೆಯೇ ಎಂದು ಕೇಳಿ.

ಆರನೆಯ ಹೆಜ್ಜೆ: "ಸೈಡ್ ಎಫೆಕ್ಟ್ ಇಲ್ಲ" ಎಂಬ ಮಾತನ್ನು ಪ್ರತ್ಯೇಕವಾಗಿ ಪರೀಕ್ಷಿಸಿ

ಪರಿಣಾಮವೇ ಇಲ್ಲದ ವಸ್ತುವಿಗೆ ಅಡ್ಡಪರಿಣಾಮ ಇಲ್ಲದಿರಬಹುದು. ಪರಿಣಾಮ ಉಂಟೆನ್ನುವವರು ಅಡ್ಡಪರಿಣಾಮ ಇಲ್ಲವೆಂಬುದನ್ನೂ ತೋರಿಸಬೇಕಾಗುತ್ತದೆ. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಅಮೃತಬಳ್ಳಿ ಕಷಾಯ ಕುದಿಯಿತು. 2021ರಲ್ಲಿ ಮುಂಬೈನ ವೈದ್ಯರು ಅದನ್ನು ಸೇವಿಸಿ ಯಕೃತ್ತಿಗೆ ಹಾನಿಯಾದ ಆರು ರೋಗಿಗಳ ವಿವರ ಪ್ರಕಟಿಸಿದರು. ಮುಂದಿನ ವರ್ಷ ದೇಶದ ಹಲವು ಆಸ್ಪತ್ರೆಗಳಿಂದ 43 ರೋಗಿಗಳ ವರದಿ ಬಂತು. ಆಯುಷ್ ಸಚಿವಾಲಯ ಮೊದಲ ವರದಿಯನ್ನು ಆಕ್ಷೇಪಿಸಿತ್ತು. ಎಲ್ಲರಿಗೂ ಹೀಗಾಗುತ್ತದೆಂದು ಯಾರೂ ಹೇಳುತ್ತಿಲ್ಲ, ಆದರೆ ಯಾರಿಗಾದರೂ ಆಗಬಹುದೆಂಬುದಕ್ಕೆ ಇಷ್ಟು ಸಾಕು. ಅಮೆರಿಕದ ಬಾಸ್ಟನ್ ಸುತ್ತಮುತ್ತ ಮಾರಾಟವಾಗುತ್ತಿದ್ದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು.

ಯಂತ್ರಲೋಕದಲ್ಲಿ ನನಗೆ ಮರೆಯಲಾಗದ್ದು 5ಜಿ ವಿಕಿರಣದಿಂದ ಕಾಪಾಡುವ ಪದಕಗಳ ಕತೆ. 2021ರ ಡಿಸೆಂಬರಿನಲ್ಲಿ ನೆದರ್ಲೆಂಡ್ಸಿನ ವಿಕಿರಣ ಸುರಕ್ಷತಾ ಪ್ರಾಧಿಕಾರ ಅಂಥ ಹತ್ತು ವಸ್ತುಗಳನ್ನು ಹೆಸರಿಸಿ, ಅವು ತಾವೇ ಅಯಾನೀಕರಿಸುವ ವಿಕಿರಣ (ಜೀವಕೋಶಗಳನ್ನು ಕೆಡಿಸಬಲ್ಲ ಬಗೆಯದು) ಸೂಸುತ್ತಿವೆ, ಕೂಡಲೇ ತೆಗೆದಿಡಿ ಎಂದು ಎಚ್ಚರಿಸಿತು. ಮೊಬೈಲಿನ ವಿಕಿರಣ ಆ ಜಾತಿಯದ್ದಲ್ಲ. ಇಲ್ಲದ ಅಪಾಯಕ್ಕೆ ಹೆದರಿದವರು ನಿಜವಾದದ್ದನ್ನು ಕೊರಳಿಗೆ ಹಾಕಿಕೊಂಡಿದ್ದರು.

ಏಳನೆಯ ಹೆಜ್ಜೆ: ಮನೆಯವರೊಡನೆ ಮಾತು, ನಂತರ ದೂರು

"ಅಪ್ಪಾ, ಅದೆಲ್ಲ ಮೋಸ" ಎಂದು ಶುರುಮಾಡಿದರೆ ಡಬ್ಬಿ ಬೀರುವಿನ ಹಿಂದಕ್ಕೆ ಹೋಗುತ್ತದೆ, ಔಷಧಿ ಮಾತ್ರ ನಿಲ್ಲುವುದಿಲ್ಲ. "ಮೂರು ತಿಂಗಳು ನೋಡೋಣ, ಆದರೆ ಸಕ್ಕರೆ ಮಾತ್ರೆ ಬಿಡುವುದು ಬೇಡ, ಎಚ್‌ಬಿಎ1ಸಿ ಇಳಿಯದಿದ್ದರೆ ನಿಲ್ಲಿಸೋಣ" ಎಂದು ಮೊದಲ ಹೆಜ್ಜೆಯ ಕಾಗದದ ಮೇಲೆ ಇಬ್ಬರೂ ಒಪ್ಪಿಕೊಳ್ಳುವುದು ಮೇಲು. ಪೊಟ್ಟಣದ ಮೇಲೆ ಘಟಕಾಂಶ, ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ ಇಲ್ಲದ ಪುಡಿಗೆ ಈ ರಾಜಿಯೂ ಸಲ್ಲದು. ವೈದ್ಯರಿಗೆ ಎಲ್ಲವನ್ನೂ ಹೇಳಿ. ಬೈಯುತ್ತಾರೆಂದು ಮುಚ್ಚಿಟ್ಟ ಕಷಾಯದಿಂದಲೇ ಎಷ್ಟೋ ಸಲ ರೋಗನಿರ್ಣಯ ದಾರಿ ತಪ್ಪುತ್ತದೆ.

ಜಾಹೀರಾತಿನ ವಿಷಯಕ್ಕೆ ಬಂದರೆ, 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯ ಅನುಸೂಚಿಯಲ್ಲಿ 54 ಕಾಯಿಲೆ ಮತ್ತು ಸ್ಥಿತಿಗಳಿವೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ರಕ್ತದೊತ್ತಡ, ಮೂತ್ರಪಿಂಡದ ಕಲ್ಲು, ತೊನ್ನು, ಬೊಜ್ಜು ಅದರಲ್ಲಿ ಸೇರಿವೆ, ಎತ್ತರ ಹೆಚ್ಚಿಸುವುದು ಕೂಡ. ಇವನ್ನು ಗುಣಪಡಿಸುತ್ತೇವೆಂದು ಸಾರ್ವಜನಿಕವಾಗಿ ಜಾಹೀರಾತು ಕೊಡುವುದೇ ಅಪರಾಧ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ನಿಮ್ಮ ಊರಿನ ಗೋಡೆಬರಹಗಳನ್ನು ಈ ಪಟ್ಟಿಯ ಜೊತೆ ಒಮ್ಮೆ ತಾಳೆ ನೋಡಿ.

ಇಂಥ ಜಾಹೀರಾತಿನ ದೂರು ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಹೋಗಬೇಕು. ಹಣ ಕಳೆದುಕೊಂಡಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಔಷಧಿಯಿಂದ ತೊಂದರೆಯಾಗಿದ್ದರೆ 1800 180 3024ರಲ್ಲಿ ಅಡ್ಡಪರಿಣಾಮ ದಾಖಲಿಸಬಹುದು. ಜಾಹೀರಾತಿನ ದಿನಾಂಕವಿರುವ ಚಿತ್ರ, ಬಿಲ್, ಖಾಲಿಯಾಗದ ಡಬ್ಬಿ ಇವು ಮೂರು ಕೈಯಲ್ಲಿದ್ದರೆ ದೂರು ನಿಲ್ಲುತ್ತದೆ. ಆದ್ದರಿಂದ ಕೋಪ ಬಂದ ದಿನ ಡಬ್ಬಿಯನ್ನು ತಿಪ್ಪೆಗೆ ಎಸೆಯಬೇಡಿ. ಉಳಿದ ಪುಡಿಯ ಸಮೇತ ಅದನ್ನು ಕವರಿಗೆ ಹಾಕಿ, ಯಾರು ಎಷ್ಟು ದಿನ ತೆಗೆದುಕೊಂಡರೆಂಬುದನ್ನು ಚೀಟಿಯಲ್ಲಿ ಬರೆದು ಒಳಗಿಡಿ. ಪ್ರಯೋಗಾಲಯಕ್ಕೆ ಬೇಕಾದದ್ದು ಆ ಪುಡಿಯೇ.